ಒಂಬತ್ತಕ್ಕೆ ಒಂದು ಹೆಸರು

ನನ್ನ ಸೊಸೆ ಲಿಫ್ಟ್ ತಯಾರಿಸುವ ಕಂಪನಿಯಲ್ಲಿದ್ದಾಳೆ. ಬಾಗಿಲು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ಲಿಫ್ಟಿನ ಪುಟ್ಟ ಕಂಪ್ಯೂಟರ್ ಚಿಪ್‌ಗೆ ಹೇಳಿಕೊಡುವ ಕೋಡ್ ಬರೆಯುವುದು ಅವಳ ಕೆಲಸ. ಮೊದಲು ಆ ಕುರ್ಚಿಯಲ್ಲಿ ನನ್ನ ಮಗ ಕೂರುತ್ತಿದ್ದ. ಅವನು ತೀರಿಕೊಂಡು ವರ್ಷವಾಯಿತು. ಸೊಸೆ ಅತ್ತಿದ್ದನ್ನು ನಾನು ನೋಡಿಲ್ಲ. ಮೊದಮೊದಲು ಮೈಯೆಲ್ಲ ಉರಿಯುತ್ತಿತ್ತು, ಇವಳದೇನು ಕಲ್ಲೆದೆಯೋ ಎಂದುಕೊಂಡಿದ್ದೆ. ಆಮೇಲೆ ನೋಡಿದರೆ ನನ್ನ ಕಣ್ಣಲ್ಲೂ ನೀರಿಲ್ಲ. ಇಬ್ಬರೂ ಉಣ್ಣುತ್ತೇವೆ, ಪಾತ್ರೆ ತೊಳೆಯುತ್ತೇವೆ, ಮಲಗುತ್ತೇವೆ.

ಮಗ ಕೆಲಸದಲ್ಲಿ ಚುರುಕು, ವಿವರ ಬರೆದಿಡುವುದರಲ್ಲಿ ಮಹಾ ಸೋಮಾರಿ. ಕೋಡಿನ ತುಂಬ ಬರೀ ಅಂಕಿ ಸುರಿದು ಹೋಗಿದ್ದ. ಯಾವುದು ಯಾಕೆ ಎಂದು ಅವನೊಬ್ಬನಿಗೇ ಗೊತ್ತು. ಆ ಬದಲಾಗದ ಅಂಕಿಗಳಿಗೆಲ್ಲ, ಓದಿದವರಿಗೆ ಥಟ್ಟನೆ ತಿಳಿಯುವಂಥ ಹೆಸರಿಡುವುದನ್ನು ಸೊಸೆಯ ತಲೆಗೆ ಕಟ್ಟಿದರು. ಒಣಗಿದ ಬಟ್ಟೆ ಮಡಿಸುವ ಹಾಗೆ ಒಂದೊಂದಾಗಿ ಮುಗಿಸಿದಳು. ಒಂದು ಒಂಬತ್ತು ಮಾತ್ರ ಉಳಿಯಿತು. ಬಾಗಿಲು ತೆರೆದ ಮೇಲೆ ಒಂಬತ್ತು ಸೆಕೆಂಡು ಕಾಯಬೇಕು. ಒಂಬತ್ತೇ ಯಾಕೆ ಎಂದು ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅದಕ್ಕೆ 'ಒಂಬತ್ತು' ಎಂದೇ ಹೆಸರಿಟ್ಟು ಕೈತೊಳೆದುಕೋ ಎಂದನಂತೆ ಅವಳ ಮ್ಯಾನೇಜರ್. ಪುಣ್ಯಾತ್ಮ, ಮಗುವಿಗೆ ಮಗು ಎಂದೇ ಹೆಸರಿಟ್ಟ ಹಾಗಾಯಿತು. ನಾಳೆ ಅದನ್ನು ಹನ್ನೆರಡು ಮಾಡಿದರೆ 'ಒಂಬತ್ತು ಅಂದರೆ ಹನ್ನೆರಡು' ಎಂದು ಓದಬೇಕಾಗುತ್ತದೆ ಎಂದು ಸೊಸೆ ವಿವರಿಸಿದಾಗ ನನಗೇ ನಗು ಬಂತು. ಅವಳು ನಗಲಿಲ್ಲ. ಬಾಗಿಲು ಮುಚ್ಚುವುದು ತಡ ಎಂಬ ಗಿರಾಕಿಗಳ ದೂರು ಬೇರೆ. ಶುಕ್ರವಾರದೊಳಗೆ ಕಾರಣ ಸಿಗದಿದ್ದರೆ ಎಲ್ಲ ಲಿಫ್ಟುಗಳಲ್ಲೂ ಅದನ್ನು ನಾಲ್ಕಕ್ಕೆ ಇಳಿಸುವುದೆಂದು ತೀರ್ಮಾನವಾಯಿತು. ಮಗನದು ಎಂದು ಉಳಿದಿದ್ದ ಅದೊಂದನ್ನೂ ಅಳಿಸುತ್ತಾರೆ.

ಗುರುವಾರ ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ ಇದನ್ನೆಲ್ಲ ಹೇಳಿದಳು. ನನಗೆ ರೇಗಿತು.

"ಅಲ್ಲ ಕಣೇ, ನನ್ನ ಕೇಳೋದಲ್ವಾ? ಫ್ಯಾಕ್ಟರಿ ಲಿಫ್ಟಿಗೆ ನನ್ನ ಹತ್ತಿಸಿ ಇಳಿಸಿ ಪ್ರಾಣ ತೆಗೆದಿದ್ನಲ್ಲ ನಿನ್ನ ಗಂಡ. ಗಡಿಯಾರ ಹಿಡ್ಕೊಂಡು ನಿಂತು, 'ಅವಸರ ಮಾಡ್ಬೇಡಮ್ಮ, ನಿನ್ನ ಪಾಡಿಗೆ ನೀನು ಬಾ' ಅಂತಿದ್ದ."

ಆಗ ನನ್ನ ಮಂಡಿ ಆಪರೇಷನ್ ಆದ ಹೊಸತು. ಕೋಲೂರಿಕೊಂಡು ಒಳಗೆ ಬರುವಷ್ಟರಲ್ಲಿ ಬಾಗಿಲು ಭುಜಕ್ಕೆ ಬಡಿಯುತ್ತಿತ್ತು. ಒಂದೊಂದೇ ಸೆಕೆಂಡು ಹೆಚ್ಚಿಸುತ್ತ, ಬಡಿಯದಂತಾಗುವವರೆಗೂ ಅವನು ಬಿಡಲಿಲ್ಲ.

ಸೊಸೆ ತುತ್ತು ತಟ್ಟೆಯಲ್ಲೇ ಬಿಟ್ಟು ಎದ್ದಳು. ಕೈತೊಳೆದು ಕಂಪ್ಯೂಟರ್ ತೆರೆದಳು. ನನ್ನ ಹೆಸರನ್ನೇ ಇಟ್ಟುಬಿಡೇ ಎಂದೆ. ಯಾರಿಂದ ಬಂತು ಎನ್ನುವುದಲ್ಲ, ಯಾತಕ್ಕಿದೆ ಎನ್ನುವುದನ್ನು ಹೆಸರು ಹೇಳಬೇಕಂತೆ. ಅವಳಿಟ್ಟಿದ್ದನ್ನು ನಮ್ಮ ಮಾತಿನಲ್ಲಿ ಹೇಳಿದರೆ, 'ಕೋಲೂರಿ ಬರುವವರಿಗೆ ಕಾಯುವ ಹೊತ್ತು'. ಅದನ್ನು ಓದಿದ ಮ್ಯಾನೇಜರ್ ಮತ್ತೆ ನಾಲ್ಕರ ಮಾತೆತ್ತಲಿಲ್ಲ.

ಶನಿವಾರ ಡಾಕ್ಟರಿಗೆ ಮಂಡಿ ತೋರಿಸಲು ಇಬ್ಬರೂ ಹೊರಟೆವು. ನಮ್ಮ ಕಟ್ಟಡದ್ದೂ ಅದೇ ಕಂಪನಿಯ ಲಿಫ್ಟು. ಈಗ ನನಗೆ ಕೋಲು ಬೇಕಿಲ್ಲ, ಸರಕ್ಕನೆ ಒಳಗೆ ಹೋದೆವು. ಬಾಗಿಲು ತೆರೆದೇ ಇತ್ತು. ಅಭ್ಯಾಸದಂತೆ ನನ್ನ ಬೆರಳು ಮುಚ್ಚುವ ಗುಂಡಿಯ ಕಡೆ ಹೋಯಿತು. ಸೊಸೆ ನನ್ನ ಕೈ ಹಿಡಿದುಕೊಂಡಳು.

"ಇರಲಿ ಅತ್ತೆ. ಅದೇ ಮುಚ್ಕೊಳ್ಳುತ್ತೆ."

ಹೊರಗಿನಿಂದ ಬರುವವರು ಯಾರೂ ಇರಲಿಲ್ಲ. ಬಾಗಿಲು ಮುಚ್ಚುವವರೆಗೂ ಇಬ್ಬರೂ ಕೈ ಬಿಡದೆ ನಿಂತಿದ್ದೆವು.