ಹಜ್ಜಿ ಯೂಸುಫ್ ರುಚಿ ನೋಡದ ನೀರು

1983ರಲ್ಲಿ ನಾನು ಬಹ್ರೇನಿನ ಸಲ್ಮಾಬಾದಿನ ಒಂದು ವರ್ಕ್‌ಶಾಪಿನಲ್ಲಿ ಬಾಯ್ಲರ್ ಫೋರ್‌ಮನ್ ಆಗಿದ್ದೆ. ಊರಿನಲ್ಲಿದ್ದಾಗ ರೈಲ್ವೆಯ ಲೋಕೋ ಶೆಡ್ಡಿನಲ್ಲಿ ಉಗಿ ಎಂಜಿನ್‌ಗಳ ಬಾಯ್ಲರ್ ರಿಪೇರಿ ಮಾಡಿದವನು. ಬಹ್ರೇನಿಗೆ ಹೋದ ಮೇಲೆ ಲಾಂಡ್ರಿಗಳ, ಹೋಟೆಲ್ಲುಗಳ ಬಾಯ್ಲರುಗಳೇ ನನ್ನ ಪಾಲಿಗೆ ಬಂದವು. ರೈಲೇ ಇಲ್ಲದ ದ್ವೀಪದಲ್ಲಿ ಮತ್ತೆ ಒಂದು ಉಗಿ ಎಂಜಿನ್ನಿನ ಜವಾಬ್ದಾರಿ ಹೊರುತ್ತೇನೆ ಎಂದು ನಾನು ಎಣಿಸಿರಲಿಲ್ಲ.

ಮುಹರ್ರಕ್ ಕಡೆಯ ಒಂದು ಉದ್ಯಾನದಲ್ಲಿ ಆ ಎಂಜಿನ್ ಇತ್ತು. ಹಿಂದೊಂದು ಕಾಲದಲ್ಲಿ ಜೆಟ್ಟಿಯ ಮೇಲೆ ಕಲ್ಲು, ಸಿಮೆಂಟು ಎಳೆಯುತ್ತಿದ್ದ ಪುಟ್ಟ ಎಂಜಿನ್. ಜೆಟ್ಟಿಗೆ ಲಾರಿಗಳು ಬಂದ ಮೇಲೆ ತುಕ್ಕು ಹಿಡಿದು ಬಿದ್ದಿತ್ತು. ಅದನ್ನು ದುರಸ್ತಿ ಮಾಡಿ, ಕಲ್ಲಿದ್ದಲಿನ ಬದಲು ಡೀಸೆಲ್ ಬರ್ನರ್ ಕೂರಿಸಿ, ಉದ್ಯಾನದ ಸುತ್ತ ಎರಡಡಿ ಅಗಲದ ಹಳಿ ಹಾಸಿದ್ದರು. ಹಿಂದೆ ನಾಲ್ಕು ತೆರೆದ ಬೋಗಿಗಳು. ಅದರ ಉಸ್ತುವಾರಿ ನಮ್ಮ ವರ್ಕ್‌ಶಾಪಿಗೆ ಸೇರಿತ್ತು. ನಾನು ವಾರಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದೆ.

ಡ್ರೈವರ್ ಹಜ್ಜಿ ಯೂಸುಫ್ ಮುಹರ್ರಕ್‌ನವರೇ. ಹಜ್ ಮಾಡಿ ಬಂದವರಾದ್ದರಿಂದ ಎಲ್ಲರಿಗೂ 'ಹಜ್ಜಿ'. ಯೌವನದಲ್ಲಿ ಜೆಟ್ಟಿಯಲ್ಲಿ ಇದೇ ಎಂಜಿನ್ ಓಡಿಸಿದವರು. ಮುಂಬಯಿಯ ಹಡಗಿನವರ ಜೊತೆ ಕಲಿತ ಹಿಂದಿ ಅವರದು. ನಮ್ಮ ಮಾತುಕತೆ ಅದರಲ್ಲೇ ನಡೆಯುತ್ತಿತ್ತು. ಬರ್ನರ್ ನೋಡಿಕೊಳ್ಳುವ ಫಯರ್‌ಮನ್ ಲಾರೆನ್ಸ್, ನಮ್ಮ ಕರಾವಳಿಯ ಕುಲಶೇಖರದ ಹುಡುಗ. ಎಂಜಿನ್ ನಿಲ್ಲಿಸುವ ಶೆಡ್ಡಿನಲ್ಲಿ ಚಾ ಮಾಡುವ ಕೆಲಸವೂ ಅವನದೇ.

ಕೆಲಸ ಬೆಳಿಗ್ಗೆ ಹಳಿಯಿಂದ ಶುರುವಾಗುತ್ತಿತ್ತು. ಗಾಳಿ ಬೀಸಿದ ಮರುದಿನ ಹಳಿಯ ತಿರುವುಗಳಲ್ಲಿ ಮರಳು ಗುಡ್ಡೆಯಾಗಿರುತ್ತದೆ, ಅದನ್ನು ಗುಡಿಸಬೇಕು. ಬೇಸಿಗೆಯಲ್ಲಿ ಕಬ್ಬಿಣ ಹಿಗ್ಗಿ ಹಳಿ ಸೊಟ್ಟಗಾಗದಂತೆ ಜೋಡಣೆಯ ಸಂದುಗಳನ್ನು ನೋಡಬೇಕು, ಸಡಿಲವಾದ ಬೋಲ್ಟು ಬಿಗಿಯಬೇಕು. ಆಮೇಲೆ ಎಂಜಿನ್ನಿಗೆ ಎಣ್ಣೆ. ಕೊನೆಗೆ ನೀರು. ಬಹ್ರೇನಿನಲ್ಲಿ ನೀರೆಂದರೆ ಎರಡು ಬಗೆ. ಬಾವಿಯ ನೀರು ಉಪ್ಪು, ಗಿಡಗಳಿಗೆ ಆಗುತ್ತದೆ. ಕುಡಿಯಲಿಕ್ಕೆ ಟ್ಯಾಂಕರಿನಲ್ಲಿ ಬರುವ ಸಿಹಿನೀರು. ಬಾಯ್ಲರಿಗೂ ಅದೇ ಬೇಕು. ಹಜ್ಜಿ ದಿನಾ ಬೆಳಿಗ್ಗೆ ಶೆಡ್ಡಿನ ಟ್ಯಾಂಕಿಯಿಂದ ಒಂದು ಬೊಗಸೆ ನೀರು ಎತ್ತಿ ಬಾಯಿಗೆ ಹಾಕಿ, ಒಂದು ಕ್ಷಣ ನಿಂತು, ನುಂಗುತ್ತಿದ್ದರು. ಆಮೇಲೆಯೇ ಲಾರೆನ್ಸನಿಗೆ ಪೈಪು ಹಾಕಲು ಕೈಸನ್ನೆ. ಇದು ಯಾವ ನಿಯಮದಲ್ಲೂ ಇರಲಿಲ್ಲ. ಜೆಟ್ಟಿಯ ಕಾಲದಿಂದ ಬಂದ ರೂಢಿ ಅಷ್ಟೇ.

ಆ ವರ್ಷದ ರಂಜಾನ್ ಬೇಸಿಗೆಯಲ್ಲಿ ಬಿತ್ತು. ಆ ತಿಂಗಳು ರೈಲು ಓಡುತ್ತಿದ್ದುದು ಇಫ್ತಾರ್ ಆದ ಮೇಲೆ ಕೆಲವೇ ಸುತ್ತು. ಈದ್ ದಿನ ಮಾತ್ರ ಜಾತ್ರೆಯಂಥ ಜನ. ಹಾಗಾಗಿ ನಾನೂ ಹೋಗಿದ್ದೆ. ಬಿಸಿಲು ಇಳಿದ ಮೇಲೆ ಮೊದಲ ಸುತ್ತು. ಬೋಗಿಗಳ ತುಂಬ ಹೊಸಬಟ್ಟೆಯ ಮಕ್ಕಳು. ನಾನು ಕೊನೆಯ ಬೋಗಿಯ ಬ್ರೇಕಿನ ಬಳಿ ಕೂತಿದ್ದೆ.

ಮೂರನೆಯ ಸುತ್ತಿನಲ್ಲಿ, ಖರ್ಜೂರದ ಮರಗಳ ಹತ್ತಿರದ ತಿರುವಿನಲ್ಲಿ, ಎಂಜಿನ್ನಿನ ಕಡೆಯಿಂದ ದೊಡ್ಡ ಗರಗಸ ಎಳೆದಂಥ ಶಬ್ದ ಬಂತು. ಮರುಕ್ಷಣ ಎಂಜಿನ್ ಕಾಣಲಿಲ್ಲ. ಬಿಳಿಯ ಉಗಿ ಮಾತ್ರ. ನಾನು ಬ್ರೇಕ್ ಎಳೆದೆ. ಮುಂದಿನಿಂದ ಹಜ್ಜಿಯೂ ಎಳೆದಿರಬೇಕು, ರೈಲು ಬೇಗ ನಿಂತಿತು. ಅಪ್ಪಂದಿರು ಮಕ್ಕಳನ್ನು ಬಾಚಿಕೊಂಡು ಹುಲ್ಲಿನ ಮೇಲೆ ಓಡಿದರು. ಉಗಿಯೊಳಗಿಂದ ಮೊದಲು ಲಾರೆನ್ಸ್ ಹೊರಬಂದ, ಬಲಗೈಯನ್ನು ಎದೆಗೆ ಒತ್ತಿಕೊಂಡು. "ಬರ್ನರ್ ಬಂದ್ ಮಾಡಿದ್ದೇನೆ, ಬಂದ್ ಮಾಡಿದ್ದೇನೆ," ಎಂದು ಕೂಗುತ್ತಿದ್ದ. ಅವನ ಹಿಂದೆ ಹಜ್ಜಿ. ಮಕ್ಕಳಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಲಾರೆನ್ಸನ ಮುಂಗೈ ಮಾತ್ರ ಬೆಂದಿತ್ತು. ಹಳಿಯ ನಡುವೆ ಒಂದು ಪುಟ್ಟ ಚಪ್ಪಲಿ ಬಿದ್ದಿತ್ತು. ಅದನ್ನು ಎತ್ತಿಕೊಂಡು ಹುಲ್ಲಿನ ಮೇಲಿದ್ದ ಮಕ್ಕಳ ಕಡೆ ಹೋದೆ. ಕುಕ್ಕರಿನ ಸೀಟಿ ಕೂಗುವಾಗ ನಾನು ಇವತ್ತಿಗೂ ಅಡುಗೆಮನೆಯಲ್ಲಿ ನಿಲ್ಲುವುದಿಲ್ಲ.

ಆದದ್ದು ಇಷ್ಟು. ಬಾಯ್ಲರಿನೊಳಗೆ ಬೆಂಕಿಗೂಡಿನ ನೆತ್ತಿ ಯಾವಾಗಲೂ ನೀರಿನಡಿ ಮುಳುಗಿರಬೇಕು. ನೀರು ಅದಕ್ಕಿಂತ ಕೆಳಗಿಳಿದರೆ ನೆತ್ತಿಯ ತಗಡು ಕಾದು ಬಾಯ್ಲರ್ ಸಿಡಿಯಬಹುದು. ಹಾಗಾಗದಂತೆ ಅಲ್ಲಿ ಸೀಸ ತುಂಬಿದ ಒಂದು ಪ್ಲಗ್ ಇರುತ್ತದೆ. ನೀರು ತಪ್ಪಿದೊಡನೆ ಸೀಸ ಕರಗಿ, ಉಗಿ ಬೆಂಕಿಗೂಡಿಗೆ ನುಗ್ಗಿ ಎಚ್ಚರಿಸುತ್ತದೆ. ಆ ಪ್ಲಗ್ ಕರಗಿತ್ತು. ಎಂದರೆ ಬಾಯ್ಲರಿನಲ್ಲಿ ಸಾಕಷ್ಟು ನೀರಿರಲಿಲ್ಲ. ನೀರು ನೋಡುವುದು ಡ್ರೈವರನ ಕೆಲಸ.

ಉದ್ಯಾನದ ಎಂಜಿನಿಯರ್ ಖಾಲಿದ್ ಮರುದಿನ ಬೆಳಿಗ್ಗೆ ಶೆಡ್ಡಿಗೆ ಬಂದರು. ಹಜ್ಜಿಯ ಬೀದಿಯಲ್ಲೇ ಆಡಿ ಬೆಳೆದವರು. ಹಜ್ಜಿಯ ಮುಖ ನೋಡದೆ ಮಾತಾಡಿದರು.

"ಹಜ್ಜಿ, ಶೆಡ್ಡಿನ ಕೀಲಿ ಕೊಡಿ. ರೈಲು ನಿಲ್ಲಿಸಿ ಅಂತ ಮೇಲಿನವರು ಹೇಳಿದ್ದಾರೆ. ಎಂಜಿನ್ ಗುಜರಿಗೆ, ಬದಲಿಗೆ ರಬ್ಬರ್ ಚಕ್ರದ ಗಾಡಿ."

"ಗ್ಲಾಸಿನಲ್ಲಿ ಅರ್ಧ ನೀರಿತ್ತು, ಮಗನೇ," ಎಂದರು ಹಜ್ಜಿ. ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಗೆ ನಾವು ಗ್ಲಾಸ್ ಎನ್ನುತ್ತೇವೆ. "ವಲ್ಲಾ, ದೇವರಾಣೆ, ಅರ್ಧ ಇತ್ತು."

"ಪ್ಲಗ್ ಸುಳ್ಳು ಹೇಳುತ್ತದೆಯೇ?"

ಹಜ್ಜಿ ಜೇಬಿನಿಂದ ಕೀಲಿ ತೆಗೆದರು. "ಕೆಲಸ ಹೋದರೆ ಹೋಗಲಿ. ಯೂಸುಫ್ ಮಕ್ಕಳನ್ನು ಕೂರಿಸಿಕೊಂಡು ಒಣ ಬಾಯ್ಲರ್ ಓಡಿಸಿದ ಅಂತ ಮುಹರ್ರಕ್‌ನಲ್ಲಿ ಯಾರೂ ಹೇಳಬಾರದು," ಎಂದು ಕೀಲಿ ಮೇಜಿನ ಮೇಲಿಟ್ಟರು.

ವರದಿ ನಾನು ಕೊಡಬೇಕಿತ್ತು. ಹಜ್ಜಿ ಸುಳ್ಳಾಡುವವರಲ್ಲ. ಪ್ಲಗ್ಗಿನ ಸೀಸ ಕರಗಿದ್ದೂ ನನ್ನ ಕಣ್ಣೆದುರಿಗಿತ್ತು. ಎರಡೂ ಹೇಗೆ ನಿಜವಾಗುತ್ತವೆ ಎಂದು ಹೊಳೆಯದೆ ಕೂತಿದ್ದಾಗ, ಲಾರೆನ್ಸ್ ಕಟ್ಟು ಹಾಕಿದ ಕೈಯಲ್ಲೇ ಚಾ ತಂದುಕೊಟ್ಟ. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟೆ.

"ಎಂತದಾ ಇದು? ಸಮುದ್ರದಿಂದ ಮೊಗೆದು ತಂದದ್ದಾ?"

"ನೀವೂ ಶುರು ಮಾಡಿದ್ರಾ, ಮಾರಾಯ್ರೆ!" ಎಂದ ಅವನು. "ಮೂರು ದಿನದಿಂದ ನನ್ನ ಚಾಕ್ಕೆ ಬೈಗುಳವೇ. ತೋಟದ ಹಮೀದ್ ಬ್ಯಾರಿ ಅಂತೂ ಹಬ್ಬದ ದಿನ ಕುಡಿದು, 'ಇದರಲ್ಲಿ ಬಂಗುಡೆ ಮೀನು ಹಾಕಿದರೆ ಸಾರಾಗ್ತದೆ' ಅಂದ. ನಾನೆಂತ ಮಾಡುದು? ಯಾವಾಗಿನ ಟ್ಯಾಂಕಿ, ಯಾವಾಗಿನ ನೀರು!"

"ಯಾವ ಟ್ಯಾಂಕಿ?"

"ಇದೇ ಅಲ್ವಾ, ಎಂಜಿನ್ನಿಗೆ ಹಾಕುವದ್ದು."

ನಾನು ಎದ್ದು ಹೋಗಿ ಟ್ಯಾಂಕಿಯ ನೀರನ್ನು ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡೆ. ಉಪ್ಪು.

ಹಮೀದ್ ಬ್ಯಾರಿ ಗಿಡಗಳಿಗೆ ನೀರು ಬಿಡುವವನು, ಬಂಟ್ವಾಳದ ಕಡೆಯವನು. ಕರೆಸಿ ಕೇಳಿದೆ. ಅವನು ಅಡಗಿಸಲಿಲ್ಲ. "ಹಬ್ಬದ ಎದುರು ಟ್ಯಾಂಕರೇ ಬರ್ಲಿಲ್ಲ ಸಾರ್. ಟ್ಯಾಂಕಿ ಖಾಲಿ. ಈದಿಗೆ ಮಕ್ಕಳು ಬಂದು ರೈಲಿಲ್ಲ ಅಂತ ಹಿಂದೆ ಹೋಗ್ಬಾರ್ದಲ್ವಾ? ಬಾವಿಯ ಪಂಪಿನ ಪೈಪ್ ಎಳೆದು ತುಂಬಿಸಿದೆ. ನೀರು ನೀರೇ ಅಲ್ವಾ ಅಂತ. ಚಾಕ್ಕೂ ಅದೇ ನೀರು ಅಂತ ಗೊತ್ತಿರ್ಲಿಲ್ಲ," ಎಂದ. ಲಾರೆನ್ಸನ ಕೈಯ ಕಟ್ಟನ್ನೇ ನೋಡುತ್ತಿದ್ದ.

ಉಪ್ಪುನೀರು ಬಾಯ್ಲರಿನಲ್ಲಿ ಕುದಿದಷ್ಟೂ ಉಪ್ಪು ಗಟ್ಟಿಯಾಗುತ್ತದೆ. ಆಗ ನೀರು ಅಕ್ಕಿ ಬೇಯುವ ಪಾತ್ರೆಯ ಗಂಜಿಯಂತೆ ನೊರೆಯೆದ್ದು ಉಕ್ಕುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಫೋಮಿಂಗ್ ಎನ್ನುತ್ತಾರೆ. ಎಂಜಿನ್ ಓಡುವಾಗ ಗ್ಲಾಸಿನಲ್ಲಿ ಕಾಣುವುದು ಆ ಉಬ್ಬಿದ ಮಟ್ಟ. ನಿಜವಾದ ನೀರು ಬಹಳ ಕೆಳಗಿರುತ್ತದೆ. ಹಜ್ಜಿ ಕಂಡದ್ದೂ ನಿಜ, ಪ್ಲಗ್ ಹೇಳಿದ್ದೂ ನಿಜ.

ಇಷ್ಟನ್ನು ಖಾಲಿದರಿಗೆ ವಿವರಿಸಿದೆ. ಗಮನವಿಟ್ಟು ಕೇಳಿದರು. "ನೀವು ಹೇಳುವುದು ಸರಿ ಇರಬಹುದು. ಆದರೆ ನಾಳೆ ಮಕ್ಕಳನ್ನು ಕೂರಿಸುವುದು ನನ್ನ ಸಹಿಯ ಮೇಲೆ. ನನಗೆ ಕಣ್ಣಾರೆ ಕಾಣಬೇಕು," ಎಂದರು. ಅವರ ಜಾಗದಲ್ಲಿದ್ದಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ.

ಬೆಂಕಿಗೂಡಿನ ತಗಡನ್ನು ಪೂರಾ ಪರೀಕ್ಷಿಸಿದೆವು, ಅದು ಕೆಟ್ಟಿರಲಿಲ್ಲ. ಹೊಸ ಪ್ಲಗ್ ಕೂರಿಸಿ, ಒತ್ತಡದ ಪರೀಕ್ಷೆ ಮುಗಿಸಿ, ಅದೇ ಟ್ಯಾಂಕಿಯ ಉಪ್ಪುನೀರನ್ನೇ ತುಂಬಿಸಿದೆವು. ಈ ಸಲ ಗ್ಲಾಸಿನ ಮೇಲಂಚಿನವರೆಗೆ, ನೆತ್ತಿ ಯಾವ ಕಾರಣಕ್ಕೂ ಒಣಗದಷ್ಟು. ಬೋಗಿಗಳನ್ನು ಬಿಚ್ಚಿ, ಉದ್ಯಾನದ ಗೇಟು ಮುಚ್ಚಿಸಿ, ಹಜ್ಜಿ, ಖಾಲಿದ್, ನಾನು ಎಂಜಿನ್ ಹತ್ತಿದೆವು. ಹತ್ತುವಾಗ ನನಗೆ ಹೆದರಿಕೆ ಇತ್ತು. ಖಾಲಿದರ ಬೆರಳುಗಳು ಕಂಬಿಯನ್ನು ಹಿಡಿದಿದ್ದ ರೀತಿ ನೋಡಿದರೆ ಅವರಿಗೂ ಇತ್ತು. ಹಜ್ಜಿ ಮಾತ್ರ 'ಬಿಸ್ಮಿಲ್ಲಾ' ಎಂದು ಉಗಿ ಬಿಡುವ ರೆಗ್ಯುಲೇಟರ್ ಎಳೆದರು.

ಮೊದಲ ಕೆಲವು ಸುತ್ತು ಏನೂ ಆಗಲಿಲ್ಲ. ಉಪ್ಪು ಗಟ್ಟಿಯಾಗಲು ಹೊತ್ತು ಬೇಕು; ಈದ್ ದಿನ ಅದಕ್ಕೂ ಹಿಂದಿನ ಸುತ್ತುಗಳ ಉಪ್ಪು ಬಾಯ್ಲರಿನಲ್ಲಿತ್ತು. ಬಾಯ್ಲರಿಗೆ ನೀರು ತಳ್ಳುವ ಇಂಜೆಕ್ಟರಿನಿಂದ ಆಗಾಗ ಅದೇ ನೀರು ಸೇರಿಸುತ್ತ ಸುತ್ತಿದೆವು. ಮಧ್ಯಾಹ್ನ ಕಳೆದ ಮೇಲೆ ಗ್ಲಾಸಿನೊಳಗಿನ ನೀರು ಕುಣಿಯತೊಡಗಿತು. ಖರ್ಜೂರದ ತಿರುವು ದಾಟಿದಾಗ ಮುಕ್ಕಾಲು ತೋರಿಸುತ್ತಿತ್ತು.

"ಎಷ್ಟು ಕಾಣುತ್ತದೆ?" ಎಂದು ಹಜ್ಜಿ ಕೇಳಿದರು.

"ಮುಕ್ಕಾಲು," ಎಂದರು ಖಾಲಿದ್.

ಹಜ್ಜಿ ರೆಗ್ಯುಲೇಟರ್ ಮುಚ್ಚಿ ಎಂಜಿನ್ ನಿಲ್ಲಿಸಿದರು. ನೊರೆ ಕುಗ್ಗಿತು. ನಾವು ನೋಡನೋಡುತ್ತಿದ್ದಂತೆ ಗ್ಲಾಸಿನ ನೀರು ಇಳಿದು, ಇಳಿದು, ಕಾಲುಭಾಗಕ್ಕೆ ಬಂದು ನಿಂತಿತು. ಹಜ್ಜಿ ಇಂಜೆಕ್ಟರ್ ತೆರೆದು ನೀರು ಸೇರಿಸಿದರು. ಖಾಲಿದ್ ಜೇಬಿನಿಂದ ಶೆಡ್ಡಿನ ಕೀಲಿ ತೆಗೆದು, ಎರಡೂ ಕೈಯಲ್ಲಿ ಹಿಡಿದು ಹಜ್ಜಿಗೆ ಕೊಟ್ಟರು. "ಮೇಲಿನವರ ಹತ್ತಿರ ನಾನು ಮಾತಾಡುತ್ತೇನೆ," ಎಂದಷ್ಟೇ ಹೇಳಿದರು. ಮಾತಾಡಿದರು ಕೂಡ. ಬಾಯ್ಲರ್ ತೊಳೆದು, ಸಿಹಿನೀರು ತುಂಬಿಸಿ, ಚಳಿ ಬರುವ ಹೊತ್ತಿಗೆ ರೈಲು ಮತ್ತೆ ಓಡಿತು. ಬಾವಿಯ ಪಂಪಿನ ಪೈಪ್ ಶೆಡ್ಡಿಗೆ ತಲುಪದಂತೆ ಹಮೀದನೇ ಕತ್ತರಿಸಿ ಗಿಡ್ಡ ಮಾಡಿದ.

ವರದಿ ಮುಗಿಸುವ ಮೊದಲು ಹಜ್ಜಿಯನ್ನು ಒಂದು ಮಾತು ಕೇಳಿದ್ದೆ: ಟ್ಯಾಂಕಿಗೆ ಉಪ್ಪುನೀರು ಬಿದ್ದ ಆ ದಿನಗಳಲ್ಲಿ ರುಚಿ ಯಾಕೆ ನೋಡಲಿಲ್ಲ? ಅವರು ನನ್ನನ್ನು ವಿಚಿತ್ರವಾಗಿ ನೋಡಿ, "ಉಪವಾಸ," ಎಂದರು. "ಈದ್ ದಿನ ನಮಾಜು, ಊಟ ಮುಗಿಸಿ ಬರುವಾಗ ಲಾರೆನ್ಸ್ ನೀರು ತುಂಬಿಸಿ ಉಗಿ ಎಬ್ಬಿಸಿಯಾಗಿತ್ತು." ರೈಲು ರಾತ್ರಿ ಓಡಿದರೂ ಎಂಜಿನ್ನಿಗೆ ನೀರು ತುಂಬುತ್ತಿದ್ದುದು ಹಗಲಿನಲ್ಲೇ; ರುಚಿ ನೋಡುವವರು ಹಗಲು ಬಾಯಿಗೆ ನೀರು ಹಾಕುವಂತಿರಲಿಲ್ಲ. ಬಾಯಿಗೆ ಹಾಕಿದವರಿಗೆ ಅದು ಚಾದ ದೋಷವಾಗಿ ಮಾತ್ರ ಕಂಡಿತು.

ನಲವತ್ತು ವರ್ಷ ಬಾಯ್ಲರುಗಳ ಜೊತೆ ಕಳೆದಿದ್ದೇನೆ. ಗ್ಲಾಸ್, ವಾಲ್ವ್, ಪ್ಲಗ್ ಎಲ್ಲವೂ ಬೇಕು. ಆದರೆ ಒಬ್ಬ ಮನುಷ್ಯನ ಅಭ್ಯಾಸದ ಮೇಲೆ ನಿಂತ ಕೆಲಸ ಯಾವುದು ಎಂದು ಮೊದಲು ಹುಡುಕಬೇಕು, ಅವನು ಇಲ್ಲದ ದಿನಕ್ಕೆ ಇನ್ನೊಬ್ಬನನ್ನು ನಿಲ್ಲಿಸಬೇಕು. ಇದನ್ನು ನನಗೆ ಕಲಿಸಿದ್ದು ಆ ಪುಟ್ಟ ರೈಲು.

ಮುಂದಿನ ರಂಜಾನಿನಲ್ಲಿ ಒಂದು ಬೆಳಿಗ್ಗೆ ಶೆಡ್ಡಿಗೆ ಹೋಗಿದ್ದೆ. ಲಾರೆನ್ಸ್ ಟ್ಯಾಂಕಿಯ ಬಳಿ ನಿಂತು ಬೊಗಸೆ ನೀರು ಬಾಯಿಗೆ ಹಾಕಿಕೊಂಡು ಕಣ್ಣುಮುಚ್ಚಿದ್ದ. ಹಜ್ಜಿ ಒಣಗಿದ ತುಟಿಯಲ್ಲಿ ಅವನ ಗಂಟಲನ್ನೇ ನೋಡುತ್ತ ನಿಂತಿದ್ದರು.

"ಹೇಗಿದೆ?"

"ಸಪ್ಪೆ, ಹಜ್ಜಿ. ಒಂದು ಚೂರೂ ರುಚಿ ಇಲ್ಲ."

"ಅಲ್‌ಹಮ್ದುಲಿಲ್ಲಾ," ಎಂದು ಹಜ್ಜಿ ಪೈಪು ಹಾಕಲು ಕೈಸನ್ನೆ ಮಾಡಿದರು.