ಒಂದು ಬಟ್ಟಲು ಖಾರದ ಪುಡಿ

ನಾವು ದೊಡ್ಡಬಳ್ಳಾಪುರಕ್ಕೆ ಬಂದಿಳಿದು ಇನ್ನೂ ಒಂದು ತಾಸು ಆಗಿರಲಿಲ್ಲ. ಯುದ್ಧಕಾಲದ ಇದ್ದಿಲ ಬಸ್ಸಿನಲ್ಲಿ ಬಂದು ನನ್ನ ಧೋತರ, ನನ್ನ ಹೆಂಡತಿ ಶಾಂತವ್ವನ ಸೀರೆ ಎರಡೂ ಮಸಿಯಾಗಿದ್ದವು. ಟ್ರಂಕಿನ ಬೀಗ ಕೂಡ ತೆಗೆದಿರಲಿಲ್ಲ. ಅಷ್ಟರಲ್ಲಿ ಗುರುತು ಪರಿಚಯವಿಲ್ಲದ ಒಬ್ಬ ಹೆಂಗಸು ಸೀದಾ ಒಳಗೆ ಬಂದು, ಕೈಯಲ್ಲಿದ್ದ ಹಿತ್ತಾಳೆ ಬಟ್ಟಲನ್ನು ಶಾಂತವ್ವನ ಮುಂದೆ ಹಿಡಿದರು.

“ಖಾರದ ಪುಡಿ ಒಂದ್ ಬಟ್ಲು ಕಡ ಕೊಡ್ರಮ್ಮ. ನಮ್ಮನೇಲಿ ಮುಗ್ದೋಗಿದೆ.”

ನಮ್ಮೂರಿಗೆ ಹೊಸಬರು ಬಂದರೆ ಮೊದಲು ಬೆಲ್ಲ, ನೀರು ಕೊಡುತ್ತೇವೆ. ಇಲ್ಲಿ ಬಂದವರ ಹತ್ತಿರವೇ ಬೇಡುತ್ತಾರಲ್ಲ ಎಂದು ನನಗೆ ಮೈ ಉರಿಯಿತು. “ನಾವಿನ್ನೂ ಗಂಟು ಬಿಚ್ಚಿಲ್ರಿ. ಇದೇನು ಅಂಗಡಿ ಅಲ್ಲ” ಎಂದುಬಿಟ್ಟೆ. ಅವರು ಬಟ್ಟಲು ಹಿಡಿದು ಹಾಗೇ ಹೊರಟುಹೋದರು. ಅವರು ಪಕ್ಕದ ಮನೆಯ ನೇಕಾರರ ಹೆಂಡತಿ ನಂಜಮ್ಮ. ನಾನು ಬಾವಿಗೆ ಹೋದ ಹೊತ್ತಿನಲ್ಲಿ ಶಾಂತವ್ವ ತವರಿನ ಬ್ಯಾಡಗಿ ಮೆಣಸಿನ ಪುಡಿಯನ್ನು ಬಟ್ಟಲು ತುಂಬ ಒಯ್ದು ಕೊಟ್ಟಳಂತೆ. ಅದು ನನಗೆ ತಿಳಿದದ್ದು ವರ್ಷದ ಮೇಲೆ.

ನಮ್ಮೂರ ವಾಚನಾಲಯದ ಕೈಬರಹದ ಮಾಸಿಕಕ್ಕೆ ಮೈಸೂರು ಸೀಮೆಯ ಸುದ್ದಿ ಬರೆ ಎಂದು ಊರಿನ ಗೆಳೆಯರೆಲ್ಲ ಸೇರಿ ನೀವು ಮೂರು ಕಾಗದ ಹಾಕಿದಿರಿ. ಬರೆಯಲಿಕ್ಕೆ ಬೇಕಾದಷ್ಟಿದೆ. ಅಲ್ಲಿ ನಾನು ಮಾಸ್ತರ, ಇಲ್ಲಿ ಮೇಷ್ಟ್ರು. ಅಲ್ಲಿ ರೊಟ್ಟಿ ಬಡಿಯುವ ಸದ್ದಿಗೆ ಎಚ್ಚರವಾಗುತ್ತಿತ್ತು, ಇಲ್ಲಿ ಮಗ್ಗದ ಸದ್ದಿಗೆ. ನಮ್ಮ ಬೀದಿಯಲ್ಲಿ ಎಡಕ್ಕೂ ಮಗ್ಗ, ಬಲಕ್ಕೂ ಮಗ್ಗ. ಮೊದಲ ವಾರ ತಲೆ ಸಿಡಿಯಿತು, ಈಗ ಹಬ್ಬದ ದಿನ ಅದು ನಿಂತರೆ ಏನೋ ಕಳೆದುಹೋದ ಹಾಗಾಗುತ್ತದೆ. ಜೋಳ ಸಿಗುವುದಿಲ್ಲ. ರಾಗಿ ಮುದ್ದೆಯನ್ನು ಅಗಿಯದೆ ನುಂಗಬೇಕು. ನಾನು ಅಗಿಯಲು ಹೋಗಿ ಅದು ಹಲ್ಲಿಗೆಲ್ಲ ಮೆತ್ತಿಕೊಂಡು, ಬಡಿಸುತ್ತಿದ್ದವರ ಎದುರು ಬಾಯಿ ತೆರೆಯಲಾಗದೆ ಕುಳಿತಿದ್ದೆ. ಇಂಥವನ್ನೇ ಬರೆದು ನಿಮ್ಮನ್ನು ನಗಿಸಬಹುದಿತ್ತು. ಆದರೆ ನಿಮ್ಮಲ್ಲಿ ನನ್ನ ಬಗ್ಗೆ ಒಂದು ಸುಳ್ಳು ಓಡಾಡುತ್ತಿದೆ, ಅದನ್ನು ಹಬ್ಬಿಸಿದವನು ನಾನೇ. ಮೊದಲು ಅದನ್ನು ಹೇಳುತ್ತೇನೆ.

ಊರು ಬಿಡುವಾಗ ಅಪ್ಪನಿಗೆ ಮನಸ್ಸಿರಲಿಲ್ಲ. ಪರಸ್ಥಳದಲ್ಲಿ ಏನು ಗಳಿಸುತ್ತೀ ಎಂದಿದ್ದ. ಆ ಮಾತು ನನ್ನನ್ನು ಚುಚ್ಚಿತು. ಸಂಬಳ ಇಪ್ಪತ್ತೆಂಟು ರೂಪಾಯಿ. ಅದರಲ್ಲಿ ತಿಂಗಳು ತಿಂಗಳು ಹದಿನಾರು ರೂಪಾಯಿ ಮನಿ ಆರ್ಡರು ಮಾಡಿದೆ. ಖರ್ಚು ಕಳೆದು ಮಿಕ್ಕದ್ದು ಎಂದು ಪ್ರತಿ ಸಲವೂ ಬರೆದೆ. ಪೋಸ್ಟಿನವನು ಅದನ್ನು ಕಟ್ಟೆಯ ಮೇಲೆ ಎಲ್ಲರೆದುರು ಎಣಿಸಿ ಕೊಡುತ್ತಾನೆ ಎಂದೂ, ಊರಲ್ಲಿ ನನ್ನ ಹೆಸರೇ ಹೆಸರು ಎಂದೂ ಅಪ್ಪ ಬರೆಸುತ್ತಿದ್ದ. ಆ ಕಾಗದಗಳನ್ನು ನಾನು ಎರಡೆರಡು ಸಲ ಓದುತ್ತಿದ್ದೆ. ಉಳಿದ ಹನ್ನೆರಡರಲ್ಲಿ ಬಾಡಿಗೆ, ಕಟ್ಟಿಗೆ, ಕಾಳು ಹೇಗೆ ಸಾಗುತ್ತವೆ ಎಂದು ಒಂದು ದಿನವೂ ಕೇಳಲಿಲ್ಲ. ಹೊತ್ತಿಗೆ ಸರಿಯಾಗಿ ತಟ್ಟೆಗೆ ಮುದ್ದೆ ಬೀಳುತ್ತಿತ್ತು, ನಾನು ನುಂಗುವುದನ್ನು ಕಲಿತಿದ್ದೆ.

ಕಳೆದ ಮಾಘದಲ್ಲಿ ಹೆಡ್‌ಮೇಷ್ಟ್ರು ಕರೆದು, ಹುಡುಗರಿಗೆ ಬಡ್ಡಿ ಲೆಕ್ಕ ಬರುತ್ತದೆ, ಸಾಲವೆಂದರೇನು ಎಂಬುದು ಗೊತ್ತಿಲ್ಲ, ಅದರ ಬಗೆಗಳನ್ನು ಬಿಡಿಸಿ ಹೇಳಿ ಎಂದರು. ನನಗೆ ಹಿಗ್ಗು. ಒಡವೆ ಇಟ್ಟು ತರುವ ಗಿರವಿ, ಸಹಿ ಹಾಕಿ ತರುವ ಪ್ರೋನೋಟು, ಹೊಲವನ್ನೇ ಬಿಟ್ಟುಕೊಟ್ಟು ತರುವ ಭೋಗ್ಯ, ಸಹಕಾರ ಸಂಘದ ಸಾಲ, ಎಲ್ಲವನ್ನೂ ಬೋರ್ಡಿನ ಮೇಲೆ ಗೀಟೆಳೆದು ಚೌಕ ಚೌಕ ಮಾಡಿ ಬರೆದೆ. ಇವೆಲ್ಲ ಗೊತ್ತಿರಬೇಕಾದ ವಿಷಯಗಳೇ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ನಾನು ಉಪದೇಶಕ್ಕೆ ಇಳಿದೆ. ಇನ್ನೊಬ್ಬರ ಮನೆಗೆ ಕೈ ಒಡ್ಡುವವನಿಗೆ ಬೆನ್ನುಮೂಳೆ ಇರುವುದಿಲ್ಲ, ಸಾಲ ಮಾಡಿ ಉಣ್ಣುವವನು ತಲೆ ಎತ್ತಿ ನಡೆಯಲಾರ ಎಂದು ಮುಕ್ಕಾಲು ಗಂಟೆ ಅಬ್ಬರಿಸಿದೆ.

ನಂಜಮ್ಮನವರ ಮಗಳು ಚೌಡಮ್ಮ ಎದ್ದು ನಿಂತಳು. “ಸಾ, ಕಡ ಬರೀಲಿಲ್ಲ ನೀವು. ಕೈಬದ್ಲೂ ಬರೀಲಿಲ್ಲ.”

ಹಿಟ್ಟು, ಎಣ್ಣೆ, ಬೆಲ್ಲ ಇಂಥವನ್ನು ಪಕ್ಕದ ಮನೆಯಿಂದ ತಂದು ಆದಾಗ ಕೊಡುವುದು ಕಡ. ನಾಲ್ಕು ದಿನದ ಮಟ್ಟಿಗೆ ಕೈಯಿಂದ ಕೈಗೆ ಕಾಸು ದಾಟಿಸುವುದು ಕೈಬದಲು. ಬಡ್ಡಿಯೂ ಇಲ್ಲ, ಬರಹವೂ ಇಲ್ಲ. ಸರಿ, ಈ ವಾರ ನಿಮ್ಮ ನಿಮ್ಮ ಮನೆಯಿಂದ ಯಾರಿಗೆ ಏನು ಕಡ ಹೋಗಿದೆ ಎಂದು ಅಮ್ಮನನ್ನು ಕೇಳಿ ಬರೆದುಕೊಂಡು ಬನ್ನಿ ಎಂದೆ. ಮಾರನೆಯ ದಿನ ಬೋರ್ಡಿನಲ್ಲಿ ‘ಸಾಲಗಾರರು’ ಎಂದು ದೊಡ್ಡದಾಗಿ ಬರೆದು, ಅದರ ಕೆಳಗೆ ಹೆಸರು ಬರೆಯಲು ಚೌಡಮ್ಮನನ್ನೇ ಕರೆದೆ.

ಅವಳು ಸೀಮೆಸುಣ್ಣ ಹಿಡಿದು ದುಂಡಗೆ ಬರೆದಳು: ಮೇಷ್ಟ್ರು. ಪಕ್ಕದಲ್ಲಿ, ರಾಗಿ ಹಿಟ್ಟು ಅಚ್ಚೇರು, ಸೀಮೆಎಣ್ಣೆ ಒಂದು ಬುಡ್ಡಿ.

ಯಾವ ಮೇಷ್ಟ್ರು ಎಂದು ಕೇಳಿದೆ. “ನೀವೇ ಸಾ” ಎಂದಳು. ಹಿಂದಿನಿಂದ ಇನ್ನೊಬ್ಬ, “ನಮ್ಮನೇದೂ ಮೇಷ್ಟ್ರೇ ಸಾ, ಒಂದ್ ಪಾವು ಬೇಳೆ” ಎಂದ. ಏಳು ಮನೆಗಳ ಪಟ್ಟಿಯಲ್ಲಿ ನಾನಿದ್ದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಗದರಿಸಿ ಪಾರಾಗುತ್ತಿದ್ದೆ. ಅವರಿಗೆ ಅದು ನಗುವ ವಿಷಯವೇ ಆಗಿರಲಿಲ್ಲ, ಬೋರ್ಡಿಗೆ ಬೇಕಾದ ಒಂದು ಹೆಸರು ಅಷ್ಟೆ. ಹಿಂದಿನ ದಿನ ಬೆನ್ನುಮೂಳೆಯ ಮಾತಾಡಿದವನು ನಾನೇ. ಅಂಗಿಯ ತೋಳಿನಿಂದಲೇ ಬೋರ್ಡು ಒರೆಸಿದೆ.

ಮನೆಗೆ ಬಂದು ಶಾಂತವ್ವನ ಮೇಲೆ ಹರಿಹಾಯ್ದೆ. ನೀನು ನನ್ನ ಮಾನ ಕಳೆದೆ ಎಂದೆ. ಅವಳು ಮೊರ ಕೆಳಗಿಟ್ಟಳು.

“ಹದಿನಾರು ರೂಪಾಯಿ ಊರಿಗೆ ಕಳಿಸಿ ನೀವು ದೊಡ್ಡವರಾದ್ರಿ. ನೀವು ಉಣ್ಣೂ ಮುದ್ದಿ ಎಲ್ಲಿಂದ ಬರ್ತದಂತ ಒಂದಿನಾನರ ಕೇಳೀರೇನು? ನಾ ಕೇಳಾಕ ಹೋದಾಗ ಯಾರೂ ಮಾರಿ ತಿರುವಲಿಲ್ಲ. ಕೊಟ್ಟವರು ಒಬ್ಬರೂ ನಿಮ್ಮ ಹಂತೇಕ ಬಾಯಿ ಬಿಡಲಿಲ್ಲ. ಅದು ಮಾನ ಅಲ್ಲೇನು?”

ನನಗೆ ಬುದ್ಧಿ ಬರಬೇಕಿತ್ತು, ಹಟ ಬಂತು. ಮರುದಿನವೇ ಸಂಬಳದ ಮುಂಗಡ ಇಸಕೊಂಡು ಸಂತೆಯಲ್ಲಿ ರಾಗಿ, ಬೇಳೆ, ಎಣ್ಣೆ ಕೊಂಡೆ. ಸಾಲ ತೀರಿಸಲು ಮತ್ತೊಂದು ಸಾಲ ಮಾಡಿದ್ದು ಆಗ ಹೊಳೆಯಲೇ ಇಲ್ಲ. ಭಾನುವಾರ ಬೆಳಿಗ್ಗೆ ಅಳತೆಯ ಪಾವು ಹಿಡಿದು ಏಳು ಮನೆಗೂ ಹೋದೆ. ಅವರೆದುರೇ ಅಳೆದು, ಮೇಲೆ ಕೈಯಾಡಿಸಿ ಸಮ ಮಾಡಿ ಸುರಿದು, ಚೀಟಿಯಲ್ಲಿ ಗೀಟು ಹಾಕಿಕೊಂಡೆ. ಆರು ಮನೆಯವರು ಇಸಕೊಂಡರು. ಕೊನೆಯದು ನಂಜಮ್ಮನವರ ಮನೆ.

“ಊರ್ ಬಿಟ್ ಹೋಗ್ತಿದ್ದೀರಾ ಮೇಷ್ಟ್ರೇ?” ಎಂದರು.

ಇಲ್ಲವೆಂದೆ.

“ಮತ್ಯಾಕೆ ಎಲ್ಲಾ ಚುಕ್ತಾ ಮಾಡ್ತಾ ಇದ್ದೀರಾ? ಊರ್ ಬಿಡೋರು, ಮಾತ್ ಬಿಡೋರು ಮಾಡೋ ಕೆಲ್ಸ ಇದು.”

ಯಾರ ಹಂಗಿನಲ್ಲೂ ಇರಬಾರದು ಎಂದು ನಾನು ಏನೋ ತೊದಲಿದೆ. ಅವರು ಒಳಗೆ ಹೋಗಿ ಅದೇ ಹಿತ್ತಾಳೆ ಬಟ್ಟಲಲ್ಲಿ ಖಾರದ ಪುಡಿ ತುಂಬಿಕೊಂಡು ಬಂದರು.

“ಹಂಗಾದ್ರೆ ಇದನ್ನೂ ಇಸ್ಕೊಳ್ಳಿ. ನೀವ್ ಬಂದ ದಿನ ನಿಮ್ಮನೆಯೋರು ಕೊಟ್ಟಿದ್ದು. ಅವತ್ತು ನಮ್ಮನೇಲಿ ಡಬ್ಬ ತುಂಬಾ ಪುಡಿ ಇತ್ತು. ಹೊಸಬ್ರು, ಕೇಳಕ್ಕೆ ನಾಚ್ಕೋತಾರೆ, ನಾವೇ ಮೊದ್ಲು ಕೇಳಿದ್ರೆ ಆಯಮ್ಮಂಗೂ ಧೈರ್ಯ ಬರುತ್ತೆ ಅಂತ ಬಂದೆ. ಅದಕ್ಕೇ ಇಷ್ಟ್ ದಿನ ತೀರಿಸ್ಲಿಲ್ಲ. ತೀರಿಸ್ಬಿಟ್ಟಿದ್ರೆ ಆಯಮ್ಮ ನಮ್ಮ ಬಾಗಿಲಿಗೆ ಯಾವ ಮುಖ ಇಟ್ಕೊಂಡ್ ಬರೋರು?”

ಬಟ್ಟಲು ಹಿಡಿದು ಹೊರಗೆ ಬಂದಾಗ ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಇಂಥವರಿಗೆ ನಾನು ಇದು ಅಂಗಡಿಯಲ್ಲ ಎಂದಿದ್ದೆ. ಶಾಂತವ್ವ ಪುಡಿಯನ್ನು ನೋಡಿದಳು, ಆ ಮನೆಯ ಲೆಕ್ಕವೂ ಚುಕ್ತಾ ಆಯಿತೆಂದು ಅವಳಿಗೆ ತಿಳಿಯಿತು. ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು.

ಆಮೇಲೆ ನಮ್ಮ ಬಾಗಿಲಿಗೆ ಯಾರೂ ಬರಲಿಲ್ಲ. ಮುನಿಸಿಲ್ಲ, ಜಗಳವಿಲ್ಲ. ಬೀದಿಯಲ್ಲಿ ಎದುರಾದರೆ ‘ಊಟ ಆಯ್ತಾ ಮೇಷ್ಟ್ರೇ’ ಎನ್ನುತ್ತಿದ್ದರು, ಹೋಗುತ್ತಿದ್ದರು. ಶಾಂತವ್ವ ಬಾವಿಗೆ ಹೋದರೆ ಕೊಡ ತುಂಬಿಸಿಕೊಂಡು ಬೇಗ ಬರುತ್ತಿದ್ದಳು. ಹಗಲೆಲ್ಲ ಎರಡೂ ಕಡೆ ಮಗ್ಗ ಬಡಿಯುವಾಗ ನಡುವಿನ ನಮ್ಮ ಮನೆಯೊಂದೇ ಮೂಕವಾಗಿತ್ತು. ಇಷ್ಟು ಒಂಟಿತನ ನಮಗೆ ಬಂದ ಹೊಸದರಲ್ಲೂ ಆಗಿರಲಿಲ್ಲ. ಅವಳಿಗೆ ಇಲ್ಲಿ ಇದ್ದದ್ದು ಆ ಏಳು ಬಾಗಿಲುಗಳು, ಅವನ್ನು ನಾನು ಒಂದೇ ಬೆಳಿಗ್ಗೆ ಮುಚ್ಚಿಸಿದ್ದೆ.

ಹದಿನೈದು ದಿನದ ಮೇಲೆ ಒಂದು ಮುಂಜಾನೆ ಮೊಸರು ಕೆಟ್ಟಿತು. ಹೆಪ್ಪಿಗೆ ಒಂದು ಚಮಚವೂ ಉಳಿದಿರಲಿಲ್ಲ. ಶಾಂತವ್ವ ಚಿಕ್ಕ ಬಟ್ಟಲನ್ನು ನನ್ನ ಮುಂದಿಟ್ಟಳು.

“ಈ ಸಲ ನೀವಽ ಹೋಗ್ರಿ.”

ನಂಜಮ್ಮ ಜಗುಲಿಯಲ್ಲಿ ರಾಟೆಯ ಮುಂದೆ ಕುಳಿತು ನೂಲು ಸುತ್ತುತ್ತಿದ್ದರು. ನಾನು ಬಟ್ಟಲನ್ನು ಧೋತರದ ಮರೆಯಲ್ಲಿ ಹಿಡಿದು ನಿಂತೆ. ಹಳೆಯದನ್ನು ಹೊಟ್ಟೆಗೆ ಹಾಕಿಕೊಳ್ಳಿ ಎನ್ನಬೇಕೆಂದು ಹೋದವನು, “ಸ್ವಲ್ಪ ಹೆಪ್ಪು... ಕಡ ಬೇಕಾಗಿತ್ತು” ಎಂದೆ.

ಅವರು ರಾಟೆ ನಿಲ್ಲಿಸಿ ನನ್ನ ಮುಖ ನೋಡಿದರು. “ಹೆಪ್ಪಿಗೆ ಯಾರಾದ್ರೂ ಕಡ ಅಂತಾರಾ ಮೇಷ್ಟ್ರೇ? ಅದನ್ನ ಸುಮ್ನೆ ಇಸ್ಕೊಂಡ್ ಹೋಗೋದು. ಮಕ್ಳಿಗೆ ಇದನ್ನೂ ಹೇಳ್ಕೊಡಿ.”

ಹೆಪ್ಪು ಹಾಕಿ ಬಟ್ಟಲು ಕೊಟ್ಟರು. ನಾನು ನಾಲ್ಕು ಹೆಜ್ಜೆ ಇಟ್ಟಿರಬಹುದು, ಹಿಂದಿನಿಂದ ಕರೆದರು.

“ಅಂದಂಗೆ, ಮನೇಲಿ ಖಾರದ ಪುಡಿ ಐತಾ? ಒಂದ್ ಬಟ್ಲು ಬೇಕಾಗಿತ್ತು.”

ಅವರು ತೀರಿಸಿದ್ದ ಪುಡಿ ಗೋಡೆಯ ಗೂಡಿನಲ್ಲಿ ಹಾಗೇ ಇತ್ತು. ಅದನ್ನು ಮುಟ್ಟಲು ಶಾಂತವ್ವನಿಗೆ ಮನಸ್ಸಾಗಿರಲಿಲ್ಲ. ನಾನೇ ಒಯ್ದು ಕೊಟ್ಟೆ. ಆ ದಿನ ಸಂಜೆ ಚೌಡಮ್ಮ ಬೆಲ್ಲ ಕೇಳಿಕೊಂಡು ಬಂದಳು.

ಇದನ್ನು ಅಪ್ಪನಿಗೆ ಯಾರಾದರೂ ಓದಿ ಹೇಳುತ್ತೀರಿ, ಕಟ್ಟೆಯ ಮೇಲೇ ಓದುತ್ತೀರಿ, ಗೊತ್ತು. ಓದಿರಿ. ನೀವು ಹೊಗಳಿದ ಹದಿನಾರು ರೂಪಾಯಿಯಲ್ಲಿ ಅರ್ಧ ಈ ಬೀದಿಯ ಏಳು ಮನೆಗಳ ಹಿಟ್ಟು. ಈ ತಿಂಗಳಿನಿಂದ ಎಂಟೇ ರೂಪಾಯಿ ಬರುತ್ತದೆ. ಅಲ್ಲಿ ನಾನು ಹುಟ್ಟಿದೆ, ನನ್ನ ನೆಲ ಅದೇ, ಕನಸೂ ಅಲ್ಲಿಯದೇ ಬೀಳುತ್ತದೆ. ಆದರೆ ಅಲ್ಲಿ ಯಾರ ಬಾಗಿಲಲ್ಲೂ ನಾನು ಬಟ್ಟಲು ಹಿಡಿದು ನಿಂತವನಲ್ಲ. ಕೊಡುವವನಾಗಿಯೇ ಉಳಿಯಬೇಕೆಂದು ನಿಮ್ಮೆಲ್ಲರಿಗೂ ಒಂದು ವರ್ಷ ಸುಳ್ಳು ಬರೆದೆ. ನಾನು ಎಂಥವನೆಂದು ಗೊತ್ತಿದ್ದೂ ಕೊಟ್ಟವರು ಇಲ್ಲಿದ್ದಾರೆ. ಹಾಗಾಗಿ ಯಾವುದು ನನ್ನೂರು ಎಂದು ಕೇಳಿದರೆ ಈಗ ತಟ್ಟನೆ ಹೇಳಲಾರೆ.

ಅಪ್ಪಾ, ನಮ್ಮ ಮನೆಯಲ್ಲಿ ಖಾರದ ಪುಡಿ ಮುಗಿದಿದೆ. ಒಂದು ಸೇರು ಕಳಿಸಿಕೊಡು.