ಐಸ್ ಪೆಟ್ಟಿಗೆಯಲ್ಲಿ ಇಪ್ಪತ್ತಾರು ಸೆಕೆಂಡು

ನದಿಯ ಕತೆಯನ್ನು ನಾನು ಬಹಳ ಸಲ ಹೇಳಿದ್ದೇನೆ. ಹಿಮಾಲಯದ ತಪ್ಪಲಲ್ಲಿ, ಜನವರಿ ತಿಂಗಳಲ್ಲಿ, ರಬ್ಬರಿನ ದೋಣಿಯಲ್ಲಿ ಕುಳಿತು ಗಂಗೆಯ ರಭಸದಲ್ಲಿ ಇಳಿದು ಬಂದ ಎರಡು ದಿನ. ಕೇಳುವವರಿಗೆ ಅದೇ ಬೇಕು. ಅದಕ್ಕೆ ಮೂರು ವಾರ ಮೊದಲು ಕಾಪುವಿನ ನಮ್ಮ ಮನೆಯ ಹಿಂದೆ ನಡೆದದ್ದನ್ನು ಹೆಚ್ಚು ಜನರಿಗೆ ಹೇಳಿಲ್ಲ. ಹೇಳಲು ಹೊರಟರೆ ನಾನು ಬರೆದ ಒಂದು ಸುಳ್ಳಿನಿಂದ ಶುರು ಮಾಡಬೇಕಾಗುತ್ತದೆ.

ಎರಡು ಸಾವಿರದ ಇಸವಿ ದಾಟಿ ಎರಡೋ ಮೂರೋ ವರ್ಷವಾಗಿತ್ತು. ನಾನು ಮಣಿಪಾಲದ ಒಂದು ಕಾಲೇಜಿನ ಹಾಸ್ಟೆಲ್ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಹಾಸ್ಟೆಲಿನ ಹದಿನಾಲ್ಕು ಮಂದಿ ವಿದ್ಯಾರ್ಥಿಗಳು ಚಳಿಗಾಲದ ರಜೆಯಲ್ಲಿ ರಾಫ್ಟಿಂಗಿಗೆ ಹೋಗುವುದೆಂದು ನಿಶ್ಚಯಿಸಿದರು. ಸಿಬ್ಬಂದಿಯಲ್ಲಿ ಒಬ್ಬರು ಜೊತೆಗೆ ಹೋಗಿ ಅವರ ಜವಾಬ್ದಾರಿ ನೋಡಿಕೊಳ್ಳಬೇಕಿತ್ತು. ವಾರ್ಡನ್ನರು ನನ್ನನ್ನು ಕರೆದು, "ನೀವು ಕಾಪುವಿನವರು ಅಲ್ವಾ? ಮೀನುಗಾರರ ಮನೆ. ನಿಮಗೆ ನೀರು ಹೊಸತಲ್ಲ" ಎಂದರು. ನಾನು ಅಲ್ಲ ಎನ್ನಲಿಲ್ಲ. ಅವರು ಕೊಟ್ಟ ಫಾರ್ಮಿನಲ್ಲಿ ನೀರಿನ ಅನುಭವ ಎಂಬ ಜಾಗದಲ್ಲಿ 'ಬಾಲ್ಯದಿಂದ ಸಮುದ್ರ' ಎಂದು ಬರೆದು ಸಹಿ ಹಾಕಿದೆ.

ಅಪ್ಪ ನಲವತ್ತು ವರ್ಷ ಸಮುದ್ರಕ್ಕೆ ಹೋದವರು. ನಾನು ಹೋದದ್ದು ಎರಡು ಸಲ. ಎರಡು ಸಲವೂ ಹೋಗುವಾಗಿನಿಂದ ಬರುವವರೆಗೆ ದೋಣಿಯ ತಳದಲ್ಲಿ ಬಿದ್ದುಕೊಂಡು ವಾಂತಿ ಮಾಡಿದ್ದೆ. ಎರಡನೆಯ ಸಲ ದಡಕ್ಕೆ ಬಂದ ಮೇಲೆ ಅಪ್ಪ ಅಮ್ಮನ ಹತ್ತಿರ, "ಇವನು ಓದಲಿ" ಎಂದಿದ್ದರು, ಅಷ್ಟೇ. ಈಜು ಕಲಿತದ್ದು ಇನ್ನಂಜೆಯಲ್ಲಿ, ಮಾವನ ಮನೆಯ ಹತ್ತಿರದ ಕೆರೆಯಲ್ಲಿ. ಕೆರೆಯ ಈ ಬದಿಯಿಂದ ಆ ಬದಿಗೆ ಹೋಗುತ್ತಿದ್ದೆ. ಅದು ನನ್ನ ಬಾಲ್ಯದ ಸಮುದ್ರ.

ರಾಫ್ಟಿಂಗಿನವರು ಈಮೇಲಿನಲ್ಲಿ ಎರಡು ಪುಟದ ಸೂಚನೆ ಕಳುಹಿಸಿದ್ದರು. ಅದನ್ನು ಸೈಬರ್ ಕೆಫೆಯಲ್ಲಿ ಪ್ರಿಂಟ್ ತೆಗೆಸಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಹತ್ತಿ ಬಟ್ಟೆ ಬೇಡ, ಒದ್ದೆಯಾದರೆ ಮೈಯ ಬಿಸಿಯನ್ನು ಎಳೆದುಬಿಡುತ್ತದೆ. ಉಣ್ಣೆಯದು ತನ್ನಿ. ನೀರು ಹಿಮ ಕರಗಿ ಬಂದದ್ದು. ಬಿದ್ದ ಮೊದಲ ನಿಮಿಷದಲ್ಲಿ ಉಸಿರು ನಿಮ್ಮ ಮಾತು ಕೇಳುವುದಿಲ್ಲ, ಆಗ ಈಜಲು ಹೋಗಬೇಡಿ, ತೇಲುತ್ತ ಉಸಿರನ್ನು ನಿಧಾನವಾಗಿ ಹೊರಗೆ ಬಿಡಿ. ಸಾಧ್ಯವಾದರೆ ಬರುವ ಮೊದಲು ಒಮ್ಮೆ ತಣ್ಣೀರಿಗೆ ಇಳಿದು ನೋಡಿ. ಒಬ್ಬರೇ ಇಳಿಯಬಾರದು, ಪಕ್ಕದಲ್ಲಿ ಇನ್ನೊಬ್ಬರು ನಿಮ್ಮನ್ನು ಗಮನಿಸುತ್ತಿರಬೇಕು. ಇದೆಲ್ಲದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೆ. ಗೆರೆ ಎಳೆದದ್ದನ್ನೇ ಅರ್ಥ ಮಾಡಿಕೊಂಡದ್ದು ಎಂದು ತಿಳಿದಿದ್ದೆ.

ಉಣ್ಣೆಯ ಬನಿಯನ್ ಉಡುಪಿಯ ಫುಟ್‌ಪಾತಿನಲ್ಲಿ ಸಿಕ್ಕಿತು. ತಣ್ಣೀರು ಸಿಗಲಿಲ್ಲ.

ನಮ್ಮ ಹಾಸ್ಟೆಲಿನ ಗೇಟಿನಲ್ಲಿ ಬಾಗಲಕೋಟೆ ಕಡೆಯ ಒಬ್ಬ ವಾಚ್‌ಮನ್ ಇದ್ದ, ನನ್ನದೇ ವಯಸ್ಸು. ಬಾವಿ ತೋಡುವ ತಂಡದ ಜೊತೆ ಈ ಕಡೆಗೆ ಬಂದವನು ಬೆನ್ನುನೋವಿನಿಂದ ಆ ಕೆಲಸ ಬಿಟ್ಟು ಗೇಟಿಗೆ ಸೇರಿದ್ದ. ಊಟದ ಹೊತ್ತಿನಲ್ಲಿ ನನ್ನ ಸೂಚನೆಯ ಹಾಳೆಯನ್ನು ಓದಿಸಿ ಕೇಳಿಸಿಕೊಳ್ಳುವುದು ಅವನಿಗೆ ಒಂದು ತಮಾಷೆಯಾಗಿತ್ತು. ಡಿಸೆಂಬರಿನ ಒಂದು ಭಾನುವಾರ ಅವನನ್ನು ಕರೆದುಕೊಂಡು ಕಾರ್ಕಳಕ್ಕೆ ಹೋಗಿ, ಅಲ್ಲಿಂದ ಅಜೆಕಾರಿನ ಮೂಲಕ ಹೋಗುವ ಮೊದಲ ಬಸ್ಸು ಹಿಡಿದು ಹೆಬ್ರಿಗೆ ಹೋದೆ. ಘಟ್ಟದ ಬುಡದ ಹೊಳೆ ಬೆಳಿಗ್ಗೆ ತಣ್ಣಗಿರುತ್ತದೆ ಎಂದು ನನ್ನ ಲೆಕ್ಕ. ಇಳಿದರೆ ಗಾಳಿಗಿಂತ ನೀರೇ ಬೆಚ್ಚಗಿತ್ತು. ಅವನು ದಡದಲ್ಲಿ ಕುಳಿತು ಕಾಲು ಇಳಿಬಿಟ್ಟ.

"ಸರ, ಇದು ತಣ್ಣೀರೇನ್ರಿ? ಇದರಾಗ ಎಮ್ಮಿ ಬಿಟ್ರ ನಿದ್ದಿ ಹೊಡಿತಾವ್ ನೋಡ್ರಿ."

ಈ ಸುದ್ದಿ ಕೇಳಿ ಅಪ್ಪ ಬಲೆಯ ಮೇಲಿನಿಂದ ತಲೆ ಎತ್ತಲಿಲ್ಲ. ಅವರಿಗೆ ಆಗ ಅರವತ್ತೆರಡು. ದೋಣಿ ಬಿಟ್ಟು ಮೂರು ವರ್ಷವಾಗಿತ್ತು. ಊರಿನವರ ಹರಿದ ಬಲೆಗಳನ್ನು ಹಿಂದಿನ ಜಗಲಿಯ ಚಿಟ್ಟೆಯಲ್ಲಿ ಕುಳಿತು ಸರಿ ಮಾಡಿ ಕೊಡುತ್ತಿದ್ದರು.

"ತಣ್ಣೀರಿಗೆ ಹೆಬ್ರಿಗೆ ಯಾಕೆ ಹೋದದ್ದು?" ಎಂದರು. "ಐಸ್ ಪ್ಲಾಂಟ್ ಇಲ್ಲೇ ಉಂಟಲ್ಲ."

ಮುಂದಿನ ಭಾನುವಾರ ಬೆಳಿಗ್ಗೆ ಐಸ್ ಬಂತು. ಮೀನನ್ನು ಐಸಿನಲ್ಲಿ ಇಡುವ ದೊಡ್ಡ ಫೈಬರ್ ಪೆಟ್ಟಿಗೆಯೊಂದನ್ನು ಅಪ್ಪ ಪರಿಚಯದವರಿಂದ ತಂದು ತೊಳೆದು ಬಾವಿಕಟ್ಟೆಯ ಪಕ್ಕದಲ್ಲಿ ಇಟ್ಟಿದ್ದರು. ಒಳಗೆ ಕುಳಿತರೆ ಕುತ್ತಿಗೆಯವರೆಗೆ ಬರುವಷ್ಟು ಆಳ. ಅರ್ಧ ನೀರು ತುಂಬಿಸಿ, ಗೋಣಿಯಲ್ಲಿ ಸುತ್ತಿದ ಐಸಿನ ಗಡ್ಡೆಯನ್ನು ವಾಚ್‌ಮನ್ ಮರದ ಕೊರಡಿನಿಂದ ಹೊಡೆದು ಪುಡಿ ಮಾಡಿ ಸುರಿದ. ಅವನು ಆ ದಿನ ಬಂದದ್ದು ಐಸ್ ಒಡೆಯಲು ಮತ್ತು ಅಮ್ಮ ಮಾಡುವ ಮೀನಿನ ಸಾರು ಉಣ್ಣಲು. ಎರಡನೆಯದಕ್ಕೇ ಬಂದದ್ದು ಎಂದು ಅವನೇ ಹೇಳಿಕೊಂಡ.

ನಾನು ಉಣ್ಣೆಯ ಬನಿಯನ್ನು ಹಾಕಿಕೊಂಡು ಒಂದು ಕಾಲು ಇಳಿಸಿದೆ. ಹಿಮ್ಮಡಿಯಿಂದ ಮೊಣಕಾಲಿನವರೆಗೆ ಎಲುಬು ನೋಯಿತು. ಕಾಲು ತೆಗೆದೆ. ಮತ್ತೊಮ್ಮೆ ಇಳಿಸಿದೆ, ಮತ್ತೆ ತೆಗೆದೆ.

"ಸರ, ನೀವು ಹಿಂಗ ಒಂದೊಂದ ಕಾಲು ತೊಳಕೋತ ಕುಂತ್ರ ಗಂಗಾ ಕಾಯ್ತಾಳೇನ್ರಿ?" ಎಂದ ವಾಚ್‌ಮನ್.

ಅಪ್ಪ ಬಲೆ ಕೆಳಗಿಟ್ಟು ಎದ್ದರು. "ಬೆರಳು ಅದ್ದಿ ನೋಡುವವನು ಯಾವತ್ತೂ ನೀರಿಗೆ ಇಳಿಯುವುದಿಲ್ಲ. ನೀನು ಈಚೆ ಬಾ. ಐಸಿನಲ್ಲಿ ಕೈ ಹಾಕಿ ಹಾಕಿಯೇ ನನಗೆ ಇಷ್ಟು ವಯಸ್ಸಾದದ್ದು."

"ಯಜಮಾನ್ರ, ಬ್ಯಾಡ್ರಿ," ಎಂದ ಅವನು, ನಗುತ್ತಲೇ.

"ಎಂತ ಬೇಡ ಮಾರಾಯ? ನೀರು ನೀರೇ."

ಅಂಗಿ ತೆಗೆದು, ಕಾಲಿಗೆ ಕೈಗೆ ಎದೆಗೆ ತೆಂಗಿನೆಣ್ಣೆ ಹಚ್ಚಿಕೊಂಡರು. ಚಳಿ ತಡೆಯುತ್ತದೆ ಎಂದು ಎಣ್ಣೆಯನ್ನು ಅವರು ನಂಬಿದ್ದರು. ನನಗೂ ಅದು ಸರಿ ಎನಿಸಿತ್ತು. ಸೊಂಟಕ್ಕೆ ಮೈ ಒರೆಸುವ ಒಂದು ಬೈರಾಸು ಸುತ್ತಿಕೊಂಡರು. ನನ್ನ ಕೈಗೆ ಗಡಿಯಾರ ಕೊಟ್ಟು, "ಒಂದು ನಿಮಿಷ ಆದಾಗ ಹೇಳು" ಎಂದರು. ಆಮೇಲೆ ಪೆಟ್ಟಿಗೆಯ ಎರಡೂ ಅಂಚು ಹಿಡಿದು ಒಂದೇ ಸಲಕ್ಕೆ ಒಳಗೆ ಕುಳಿತು, ಸಮುದ್ರದಲ್ಲಿ ಮಾಡುವ ಹಾಗೆ ತಲೆಯನ್ನೂ ಒಮ್ಮೆ ಮುಳುಗಿಸಿ ಎತ್ತಿದರು.

ಇದಾದ ಮೇಲಿನದನ್ನು ನಾನು ಎಚ್ಚರಿಕೆಯಿಂದ ಹೇಳಬೇಕು, ಏಕೆಂದರೆ ಅದರಲ್ಲಿ ಹೆಚ್ಚಿನದನ್ನು ನಾನು ನೋಡಲಿಲ್ಲ. ನಾನು ನೋಡಿದ್ದು ಸೆಕೆಂಡಿನ ಮುಳ್ಳು. ಐದು, ಹತ್ತು, ಹದಿನೈದು ಎಂದು ಗಟ್ಟಿಯಾಗಿ ಹೇಳುತ್ತಿದ್ದೆ. ಅಪ್ಪನಿಂದ ಶಬ್ದವಿರಲಿಲ್ಲ. ನನಗೆ ಹೆಮ್ಮೆಯಾಯಿತು. ನಾನು ಒಂದು ಕಾಲು ಇಡಲಾರದ ನೀರಿನಲ್ಲಿ ಅವರು ಸದ್ದಿಲ್ಲದೆ ಕುಳಿತಿದ್ದಾರೆ ಎಂದುಕೊಂಡೆ. ಇಪ್ಪತ್ತು ಎಂದೆ.

"ಸರ, ಗಡಿಯಾರ ಬಿಡ್ರಿ," ಎಂದ ವಾಚ್‌ಮನ್. ಅವನ ದನಿಯಲ್ಲಿ ನಗು ಇರಲಿಲ್ಲ. "ಯಜಮಾನ್ರ ಮಾರಿ ನೋಡ್ರಿ. ಉಸುರು ತಗೊಳಾಕ ಆಗವಲ್ದು ಅವರಿಗೆ."

ಮುಳ್ಳು ಇಪ್ಪತ್ತಾರಕ್ಕೆ ಬಂದಾಗ ತಲೆ ಎತ್ತಿದೆ. ಅಪ್ಪನ ಬಾಯಿ ತೆರೆದಿತ್ತು. ಕಣ್ಣುಗಳು ನನ್ನ ಮೇಲಿದ್ದವು. ಎದೆ ಸಣ್ಣ ಸಣ್ಣದಾಗಿ ಮೇಲಕ್ಕೆ ಮಾತ್ರ ಎಳೆಯುತ್ತಿತ್ತು, ಇಳಿಯುತ್ತಿರಲಿಲ್ಲ. ಅಂಚನ್ನು ಹಿಡಿದಿದ್ದ ಕೈಗಳು ಜಾರಿ ನೀರಿನೊಳಗೆ ಹೋಗಿದ್ದವು, ಗಲ್ಲ ನೀರಿಗೆ ತಾಗಿತ್ತು. ಇಬ್ಬರೂ ಒಂದೊಂದು ತೋಳು ಹಿಡಿದು ಎತ್ತಿದೆವು. ಎಣ್ಣೆಯ ಮೈ, ತೋಳುಗಳು ನಮ್ಮ ಕೈಯಿಂದ ಮೀನಿನ ಹಾಗೆ ಜಾರಿದವು. ಎರಡನೆಯ ಸಲವೂ ಜಾರಿತು. ಅವರ ಬಾಯಿ ನೀರಿನ ಕೆಳಗೆ ಹೋಗಿ ಬಂತು. ಆಗ ವಾಚ್‌ಮನ್ ಐಸ್ ಸುತ್ತಿದ್ದ ಗೋಣಿಯನ್ನು ಎಳೆದುಕೊಂಡು ಅಪ್ಪನ ಬೆನ್ನ ಹಿಂದಿನಿಂದ ಎರಡೂ ಕಂಕುಳ ಕೆಳಗೆ ಹಾಯಿಸಿ, ಎದೆಯ ಮುಂದೆ ಎರಡು ತುದಿಗಳನ್ನು ತಿರುಚಿ ಹಿಡಿದು, "ಕಾಲು ಹಿಡೀರಿ" ಎಂದ. ಎತ್ತಿ ಕಲ್ಲುಚಪ್ಪಡಿಯ ಮೇಲೆ ಮಲಗಿಸಿದೆವು. ಮೈಮೇಲಿನ ಎಣ್ಣೆ ಹೆಪ್ಪುಗಟ್ಟಿ ಬೆಳ್ಳಗಾಗಿತ್ತು.

ಅಮ್ಮ ಒಳಗಿನಿಂದ ಓಡಿ ಬಂದು ನೋಡಿದವರು ಬೈಯಲಿಲ್ಲ. ಸೀರೆ, ಕಂಬಳಿ, ಕೈಗೆ ಸಿಕ್ಕಿದ್ದನ್ನೆಲ್ಲ ತಂದು ಹೊದೆಸಿದರು. ಸ್ವಲ್ಪ ಹೊತ್ತಿನ ಮೇಲೆ ಅಪ್ಪನ ಉಸಿರು ಹೊರಗೆ ಬಂತು, ಆಮೇಲೆ ನಡುಕ ಬಂತು. ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಬಹಳ ಹೊತ್ತು ಎದೆಗೆ ಕೊಳವೆ ಇಟ್ಟು ಕೇಳಿದರು. ಎದೆಬಡಿತ ತಾಳ ತಪ್ಪಿದೆ, ಸಂಜೆಯವರೆಗೆ ಇಲ್ಲೇ ಇರಲಿ ಎಂದರು. ಆಮೇಲೆ ನನ್ನನ್ನು ಹೊರಗೆ ಕರೆದು, "ನೀವು ಓದಿದವರು ಅಲ್ವಾ?" ಎಂದು ಮಾತ್ರ ಕೇಳಿದರು.

ಬೆಂಚಿನಲ್ಲಿ ಕಾಯುವಾಗ ವಾಚ್‌ಮನ್‌ಗೆ ಕೇಳಿದೆ, ನಿನಗೆ ಹೇಗೆ ಗೊತ್ತಾಯಿತು ಎಂದು.

"ನೀರಿಂದು ನನಗೇನೂ ಗೊತ್ತಿಲ್ರಿ ಸರ. ಬಾವಿ ಕೆಲಸದಾಗ ಮ್ಯಾಲ ನಿಂತಾವಂದು ಒಂದ ಕೆಲಸ. ಕೆಳಗಿನಾವನ ಮಾರಿ ಮ್ಯಾಲಿಂದ ಕಣ್ಣು ತೆಗೀಬಾರ್ದು. ಬಾವಿ ತಳದಾಗಿನ ಕೆಟ್ಟ ಗಾಳಿ ಬಡದ್ರ ಅವ ಕೂಗೂದಿಲ್ರಿ. ಕೂಗಾಕ ಉಸುರು ಎಲ್ಲಿರ್ತದ?" ಬೆನ್ನನ್ನು ಗೋಡೆಗೆ ಒರಗಿಸಿ, "ಎಷ್ಟು ಬುಟ್ಟಿ ಮಣ್ಣು ಬಂತು ಅಂತ ಎಣಿಸಿಕೋತ ನಿಂತಾವನ್ನ ನಮ್ಮ ಮೇಸ್ತ್ರಿ ಹೊಡಿತಿದ್ದ" ಎಂದ. ಅವನು ನನ್ನನ್ನು ಉದ್ದೇಶಿಸಿ ಅದನ್ನು ಹೇಳಲಿಲ್ಲ. ಆದರೂ ನಾನು ಅವನ ಮುಖ ನೋಡಲಿಲ್ಲ.

ಅಪ್ಪ ಸಂಜೆ ಮನೆಗೆ ಬಂದರು. ಮರುದಿನ ಬಲೆಯ ಮುಂದೆ ಕುಳಿತರು, ಆದರೆ ಹೆಣೆಯುವ ಸೂಜಿ ಬೆರಳಿನಿಂದ ಬೀಳುತ್ತಿತ್ತು. ಬಿದ್ದಾಗಲೆಲ್ಲ ನಿಧಾನವಾಗಿ ಬಗ್ಗಿ ಎತ್ತಿಕೊಳ್ಳುತ್ತಿದ್ದರು. ನಾನು ಆಫೀಸಿಗೆ ಹೋಗಿ ಕುಳಿತೆ. ಹದಿನಾಲ್ಕು ಹೆಸರುಗಳ ಪಟ್ಟಿ ಮೇಜಿನ ಮೇಲಿತ್ತು. ಅವರಲ್ಲಿ ಐದು ಮಂದಿಗೆ ಈಜು ಬರುತ್ತಿರಲಿಲ್ಲ. ನನ್ನ ಎದುರು ಅವರಲ್ಲಿ ಒಬ್ಬ ನೀರಿಗೆ ಬಿದ್ದರೆ ನಾನು ಏನನ್ನು ನೋಡುತ್ತಿರುತ್ತೇನೆ ಎಂದು ಯೋಚಿಸಿದೆ. ಎರಡು ದಿನ ಅದನ್ನೇ ಯೋಚಿಸಿ, ಮೂರನೆಯ ದಿನ ಸಂಜೆ ಅಪ್ಪನ ಹತ್ತಿರ ಹೋಗಿ ಕುಳಿತೆ. ಫಾರ್ಮಿನಲ್ಲಿ ಬರೆದದ್ದನ್ನು ಹೇಳಿದೆ. ನಾಳೆ ವಾರ್ಡನ್ನರಿಗೆ ನಿಜ ಹೇಳಿ, ನಾನು ಹೋಗುವುದಿಲ್ಲ ಎನ್ನುತ್ತೇನೆ ಎಂದೆ.

ಅವರು ಬಲೆಯ ಕಣ್ಣುಗಳನ್ನು ಬಿಡಿಸುತ್ತ ಕೇಳಿದರು.

"ಎಷ್ಟು ಹೊತ್ತು ಆಗಿತ್ತು, ಆವತ್ತು?"

"ನೀವು ಹೇಳಿದ ಒಂದು ನಿಮಿಷ ಆಗಲಿಲ್ಲ. ಎತ್ತಲು ಕೈ ಹಾಕುವಾಗ ಇಪ್ಪತ್ತಾರು ಸೆಕೆಂಡು."

"ಅಷ್ಟೇಯಾ?" ಎಂದರು. ನಿಜವಾಗಿಯೂ ಆಶ್ಚರ್ಯವಾದವರ ಹಾಗೆ. "ನಿನ್ನನ್ನು ಕರೆಯಬೇಕು ಅಂತ ಇತ್ತು. ಬಾಯಿ ಬರಲಿಲ್ಲ. ನೀನು ಒಮ್ಮೆ ತಲೆ ಎತ್ತಿದ್ದರೆ ಸಾಕಿತ್ತು."

 ಅವರು ಸೂಜಿ ಕೈಗೆತ್ತಿಕೊಂಡು ಮಾತು ಮುಂದುವರಿಸಿದರು.

"ವಾರ್ಡನ್ನರಿಗೆ ನಿಜ ಹೇಳು. ಅದು ಹೇಳಬೇಕಾದದ್ದೇ. ಆದರೆ ನೀನು ಹೋಗದಿದ್ದರೂ ಮಕ್ಕಳು ಹೋಗುತ್ತಾರಲ್ಲ. ನಿನ್ನ ಬದಲು ಇನ್ನೊಬ್ಬ ಗಡಿಯಾರ ಹಿಡಿದುಕೊಂಡು ಹೋಗುತ್ತಾನೆ. ಅವನ ಅಪ್ಪ ಐಸಿನಲ್ಲಿ ಕುಳಿತದ್ದನ್ನು ಅವನು ನೋಡಿರುವುದಿಲ್ಲ." ಸೂಜಿ ಮತ್ತೆ ಬಿತ್ತು. ಈ ಸಲ ನಾನು ಎತ್ತಿ ಕೊಟ್ಟೆ. "ಆ ಕಾಗದದಲ್ಲಿ ಎಂತ ಬರೆದದ್ದು, ಸರಿಯಾಗಿ ಓದು ನೋಡುವ."

ಜೇಬಿನಿಂದ ಹಾಳೆ ತೆಗೆದು ಒಂದೊಂದೇ ವಾಕ್ಯವನ್ನು ಹೇಳಿದೆ. ಉಸಿರು ಹೊರಗೆ ಬಿಡುವ ಮಾತು ಬಂದಾಗ ಅವರು ಕೈ ಎತ್ತಿ ನಿಲ್ಲಿಸಿದರು. "ಅದು ಇನ್ನೊಮ್ಮೆ," ಎಂದರು. ಮೂರು ಸಲ ಓದಿಸಿದರು.

ವಾರ್ಡನ್ನರು ನನ್ನ ಮಾತು ಕೇಳಿ ಫಾರ್ಮನ್ನು ತೆಗೆದು ನನ್ನ ಮುಂದಿಟ್ಟರು. ಬರೆದದ್ದನ್ನು ಹೊಡೆದುಹಾಕಿ 'ಕೆರೆಯಲ್ಲಿ ಈಜು' ಎಂದು ಬರೆದೆ. ಅವರು ಅದನ್ನು ಓದಿ, ಹೋಗಲು ಮನಸ್ಸು ಉಂಟಾ ಎಂದು ಕೇಳಿದರು. ಉಂಟು ಎಂದೆ. ಸಹಿ ಹಾಕಿ ಹಿಂದೆ ಕೊಟ್ಟರು.

ಆ ಭಾನುವಾರ ಪುನಃ ಐಸ್ ಬಂತು. ಅಮ್ಮ ನಮ್ಮ ಇಬ್ಬರ ಹತ್ತಿರವೂ ಮಾತು ಬಿಟ್ಟು, ಒಲೆಯ ಮೇಲೆ ನೀರು ಕಾಯಿಸಿ, ಕಂಬಳಿಯನ್ನು ಮಡಚಿ ಚಿಟ್ಟೆಯ ಮೇಲೆ ಇಟ್ಟಿದ್ದರು. ಮೈಗೆ ಎಣ್ಣೆ ಹಚ್ಚಲಿಲ್ಲ. ಉಣ್ಣೆಯ ಬನಿಯನ್ನಿನ ಮೇಲೆ, ಕಂಕುಳ ಕೆಳಗೆ, ವಾಚ್‌ಮನ್ ಹಗ್ಗ ಹಾಯಿಸಿ ಕಟ್ಟಿ, ಅದರ ತುದಿಯನ್ನು ತನ್ನ ಕೈಗೆ ಎರಡು ಸುತ್ತು ಸುತ್ತಿಕೊಂಡ. "ಹೆಬ್ರಿ ನೀರೇ ಚಲೋ ಇತ್ತಲ್ರಿ ಸರ," ಎಂದ. ಅಪ್ಪ ಬಲೆ ಹೆಣೆಯುವ ಮಣೆಯನ್ನು ತಂದು ಪೆಟ್ಟಿಗೆಗೆ ತಾಗಿಸಿ ಹಾಕಿ, ನನ್ನ ಮುಖಕ್ಕೆ ಮುಖ ಕೊಟ್ಟು ಕುಳಿತರು. ನಾನು ಗಡಿಯಾರ ಬಿಚ್ಚಿ ಕೊಡಲು ಹೋದೆ.

"ಅದು ಒಳಗೆ ಇಟ್ಟು ಬಾ," ಎಂದರು.

ಪಾದ, ಮೊಣಕಾಲು, ಸೊಂಟ, ಹೀಗೆ ನಿಲ್ಲಿಸಿ ನಿಲ್ಲಿಸಿ ಇಳಿದೆ. ಎದೆಗೆ ನೀರು ಬಂದಾಗ ಉಸಿರು ಒಳಗೆ ಎಳೆದುಕೊಂಡು ಅಲ್ಲೇ ಸಿಕ್ಕಿಕೊಂಡಿತು. ಹಾಳೆಯಲ್ಲಿ ಗೆರೆ ಎಳೆದಿದ್ದ ಯಾವ ಮಾತೂ ನೆನಪಾಗಲಿಲ್ಲ. ಅಪ್ಪನ ಮುಖ ಮಾತ್ರ ಇತ್ತು. ಅವರು ತುಟಿ ಮುಂದೆ ಮಾಡಿ, ಒಲೆ ಊದುವ ಹಾಗೆ, ಉದ್ದಕ್ಕೆ ಗಾಳಿ ಊದಿದರು. ನಾನೂ ಊದಿದೆ. ಅವರು ಮತ್ತೆ ಊದಿದರು. ನಾನೂ ಮತ್ತೆ ಊದಿದೆ. ಅವರ ಕಣ್ಣು ನನ್ನ ಬಾಯಿಯ ಮೇಲಿನಿಂದ ಒಮ್ಮೆಯೂ ಕದಲಲಿಲ್ಲ. ಅವರು "ಸಾಕು" ಎಂದ ಮೇಲೆ ಎದ್ದೆ.

ಜನವರಿಯಲ್ಲಿ ಗಂಗೆಯ ದಡದಲ್ಲಿ ಹುಡುಗರನ್ನು ಇಬ್ಬಿಬ್ಬರಾಗಿ ಎದುರು ಬದುರು ನಿಲ್ಲಿಸಿ ಅದನ್ನೇ ಮಾಡಿಸಿದೆ. ಒಬ್ಬ ನಕ್ಕ. ನಗಲಿ ಎಂದು ಬಿಟ್ಟೆ. ಅವನ ಜೊತೆಯವನು ಅವನ ಮುಖವನ್ನು ನೋಡುತ್ತಿದ್ದನೇ ಎಂಬುದನ್ನು ಮಾತ್ರ ಗಮನಿಸಿದೆ. ಹದಿನಾಲ್ಕು ಮಂದಿಯೂ ತಿರುಗಿ ಬಂದರು.

ಅಪ್ಪನ ಇಪ್ಪತ್ತಾರು ಸೆಕೆಂಡು ನನಗೆ ಈಗಲೂ ಮುಳ್ಳಿನ ಒಂದೊಂದು ಹೆಜ್ಜೆಯಾಗಿ ನೆನಪಿದೆ. ಎರಡನೆಯ ಭಾನುವಾರ ನಾನು ಆ ನೀರಿನಲ್ಲಿ ಎಷ್ಟು ಹೊತ್ತು ಇದ್ದೆ ಎಂದು ಆಮೇಲೆ ಅವರನ್ನು ಕೇಳಿದೆ. "ಯಾರಿಗೆ ಗೊತ್ತು," ಎಂದರು.